ಕೋಲಾರದ ಚಿನ್ನದ ಗಣಿ: ಬಾವುಟಗಳೂ ಬೀಗವೂ

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಕೆ.ಜಿ.ಎಫ್. ಅನ್ನೋದು ನಿಜವಾಗಲೂ ಇದೆಯಾ, ಇಲ್ಲ ಸಿನಿಮಾದಲ್ಲಿ ಮಾತ್ರಾನಾ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿಯಲ್ಲಿರುವ ಊರದು. 2018ರಲ್ಲಿ ಬಂದ ಆ ಚಲನಚಿತ್ರ ಊರಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿತು ನಿಜ. ಆದರೆ ಅದರ ಕಥೆ ಕಟ್ಟುಕಥೆ. ನಿಜವಾದ ಕೆ.ಜಿ.ಎಫ್.ನ ಕಥೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಪಠ್ಯಪುಸ್ತಕದಲ್ಲಿ 'ಕರ್ನಾಟಕದ ಖನಿಜ ಸಂಪತ್ತು' ಎಂಬ ಪಾಠದಲ್ಲಿ ಒಂದೆರಡು ಸಾಲು ಬರುತ್ತದೆ, ಅಷ್ಟೆ.

ನಾನು ಇತಿಹಾಸದ ಅಧ್ಯಾಪಕಿಯಲ್ಲ. ಉರ್ದು ಮತ್ತು ಕನ್ನಡ ಕಲಿಸುವವಳು. ಆದರೆ ನನ್ನ ಮಾಮು ಆಂಡರ್ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಗಣಿ ಮುಚ್ಚಿದಾಗ ನನಗೆ ಹನ್ನೆರಡು ವರ್ಷ. ಆಗ ನೋಡಿದ್ದನ್ನು ಆಮೇಲೆ ಓದಿದ್ದರ ಜೊತೆಗಿಟ್ಟು ಈ ಲೇಖನ ಬರೆಯುತ್ತಿದ್ದೇನೆ. ಒಂದು ಊರಿನ ಉದ್ಯೋಗ ಹೇಗೆ ಹೋಯಿತು, ಅದು ಹೋಗುತ್ತಿದ್ದ ಕಾಲದಲ್ಲಿ ಪಕ್ಷಗಳು ಏನು ಮಾಡುತ್ತಿದ್ದವು ಎಂಬುದು ನನ್ನ ಪ್ರಶ್ನೆ.

ಗಣಿ ಹುಟ್ಟಿದ ಬಗೆ

ಕೋಲಾರ ಸೀಮೆಯ ಚಿನ್ನ ಬಹಳ ಹಳೆಯದು. ಬ್ರಿಟಿಷರು ಬರುವ ಮೊದಲೇ ಸ್ಥಳೀಯರು ಅಲ್ಲಿ ಬಾವಿ ತೋಡಿ ಚಿನ್ನ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವ ಮೊದಲೇ ಗಣಿಗೆ ವಿದ್ಯುತ್ ಬಂದಿತ್ತೆಂಬುದು ಗಮನಿಸಬೇಕಾದ ಸಂಗತಿ. ಬೇತಮಂಗಲದ ಕೆರೆಯಿಂದ ನೀರು ಬಂತು, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದಾಯಿತು. (ವಿಜ್ಞಾನ ಓದುವ ಮಕ್ಕಳಿಗೆ ಒಂದು ಮಾತು: 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಮೊದಲ ಬಾರಿಗೆ ಗುರುತಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ.)

ಗಣಿಗೆ ಇಳಿದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು ಮುಂತಾದ ಕಡೆಗಳಿಂದ ಬಂದ ತಮಿಳು, ತೆಲುಗು ಮಾತನಾಡುವ ಕೂಲಿಯವರು. ಅವರಲ್ಲಿ ಹೆಚ್ಚಿನವರು ದಲಿತರು. ಹಳ್ಳಿಯಲ್ಲಿ ಜಮೀನ್ದಾರನ ಜೀತದಿಂದ ತಪ್ಪಿಸಿಕೊಳ್ಳಲು ಈ ಪಾತಾಳವೇ ಅವರಿಗೆ ದಾರಿಯಾಯಿತು. ಮೇಲೆ ಬಂಗಲೆಗಳಲ್ಲಿ ಇಂಗ್ಲಿಷರು, ಅವರ ಕೆಳಗೆ ಆಂಗ್ಲೋ ಇಂಡಿಯನ್ನರು, 'ಲೈನ್'ಗಳೆಂದು ಕರೆಯುವ ಒಂದೇ ಕೋಣೆಯ ಸಾಲುಮನೆಗಳಲ್ಲಿ ಕಾರ್ಮಿಕರು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಅಂಗಡಿಯವರು. ನಮ್ಮ ಮಾಮುವಿನಂಥ ಮುಸ್ಲಿಂ ವ್ಯಾಪಾರಿಗಳೂ ದರ್ಜಿಗಳೂ ಇದ್ದದ್ದು ಅಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿಯಲ್ಲಿ ಸುಮಾರು 30 ಸಾವಿರ ಜನ ದುಡಿಯುತ್ತಿದ್ದರು. ಆಳಕ್ಕೆ ಹೋದಂತೆ ಬಂಡೆಯೇ ಬಿಸಿ. ಕಲ್ಲು ಸಿಡಿದು ಸತ್ತವರು ಎಷ್ಟೋ ಮಂದಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಬಂದು ನಿಧಾನವಾಗಿ ಸತ್ತವರು ಇನ್ನೆಷ್ಟೋ ಮಂದಿ.

ಪಕ್ಷವಿಲ್ಲದ ಮುಷ್ಕರ

ಈ ಜನರು ಮೊದಲ ಬಾರಿಗೆ ದೊಡ್ಡದಾಗಿ ಎದ್ದು ನಿಂತದ್ದು 1930ರಲ್ಲಿ. ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ದಾಖಲೆ ಮಾಡಬೇಕೆಂದು ಕಂಪನಿ ಹೊರಟಿತು. ಬೆರಳಚ್ಚು ತೆಗೆಯುವುದು ಕಳ್ಳರದಲ್ಲವೇ, ನಮ್ಮದೇಕೆ ಎಂದು ಕಾರ್ಮಿಕರು ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಆಗ ಅವರಿಗೆ ಸಂಘವಿರಲಿಲ್ಲ, ಪಕ್ಷವಿರಲಿಲ್ಲ, ಬಾವುಟವಿರಲಿಲ್ಲ. ಕಡೆಗೆ ಕಂಪನಿ ಹಿಂದೆ ಸರಿಯಬೇಕಾಯಿತು.

ಇದನ್ನು ಹೇಳಿ, ಪಕ್ಷಗಳೇ ಬೇಡವಾಗಿದ್ದವು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಅದು ಅನ್ಯಾಯದ ಮಾತಾದೀತು. 1940ರ ದಶಕದಲ್ಲಿ ಕೆ.ಎಸ್. ವಾಸನ್ ಮುಂತಾದ ಕಮ್ಯುನಿಸ್ಟ್ ನಾಯಕರು ಗಣಿಯಲ್ಲಿ ಸಂಘ ಕಟ್ಟಿದರು. 1946ರ ಹೋರಾಟದಲ್ಲಿ ಪೊಲೀಸರ ಕೈಯಲ್ಲಿ ಕಾರ್ಮಿಕರು ಪ್ರಾಣ ಬಿಟ್ಟರು. ಕೂಲಿ, ರಜೆ, ಅಪಘಾತದ ಪರಿಹಾರ ಇವೆಲ್ಲ ಕೇಳದೆ ಬಂದದ್ದಲ್ಲ. ಅದಕ್ಕೂ ಮೊದಲೇ ಪಂಡಿತ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಇತ್ತು. ಓದುವ ಹವ್ಯಾಸ, ಸ್ವಾಭಿಮಾನ ಎರಡೂ ಅಲ್ಲಿಂದ ಬೆಳೆದವು. ಆಮೇಲೆ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟ ಬಂತು. ಅಕ್ಷರ ಬಾರದ ತಂದೆಯ ಮಗ ವೇದಿಕೆ ಹತ್ತಿ ಮಾತನಾಡುವುದನ್ನು ಕಲಿತದ್ದು ಈ ಸಂಘಗಳಲ್ಲೇ. ನಮ್ಮ ಎಷ್ಟೋ ಊರುಗಳಲ್ಲಿ ಇಂದಿಗೂ ಇಲ್ಲದ ರಾಜಕೀಯ ತಿಳಿವಳಿಕೆ ಕೆ.ಜಿ.ಎಫ್.ನ ಲೈನ್‌ಗಳಲ್ಲಿ ಆಗಲೇ ಇತ್ತು.

ತೊಂದರೆ ಬಂದದ್ದು ಆಮೇಲೆ, ಬಾವುಟಗಳು ಹೆಚ್ಚಾದಾಗ. ಕೆಂಪು ಬಾವುಟದವರಲ್ಲೇ 1964ರ ಒಡಕಿನ ನಂತರ ಎರಡು ಗುಂಪು. ನೀಲಿ ಬಾವುಟದ ರಿಪಬ್ಲಿಕನ್ ಪಕ್ಷ. ತಮಿಳುನಾಡಿನಲ್ಲಿ ಎಂ.ಜಿ.ಆರ್. ಅವರು 1972ರಲ್ಲಿ ಡಿ.ಎಂ.ಕೆ. ಬಿಟ್ಟು ಹೊಸ ಪಕ್ಷ ಕಟ್ಟಿದಾಗ ಇಲ್ಲಿಯೂ ಉದಯಸೂರ್ಯ ಒಂದು ಕಡೆ, ಎರಡು ಎಲೆ ಒಂದು ಕಡೆ. ಇವರೊಂದಿಗೆ ಕಾಂಗ್ರೆಸ್ಸು, ಆಮೇಲೆ ಬಿ.ಜೆ.ಪಿ. ಗಣಿ ಒಂದೇ, ಅದರೊಳಗೆ ಕಾರ್ಮಿಕ ಸಂಘಗಳು ಹಲವು. ಒಂದು ಸಂಘ ಒಪ್ಪಿದ್ದನ್ನು ಇನ್ನೊಂದು ಸಂಘ ದ್ರೋಹವೆಂದು ಕರೆಯಿತು.

ನಮ್ಮ ಮಾಮುವಿನ ಅಂಗಡಿಯ ಮೂಲೆಯಲ್ಲಿ ಒಂದು ಟ್ರಂಕು ಇತ್ತು. ಅದರಲ್ಲಿ ಎಲ್ಲ ಪಕ್ಷಗಳ ಬಾವುಟದ ಬಟ್ಟೆಯೂ ಇತ್ತು. ಚುನಾವಣೆ ಬಂದರೆ ಅವರ ಹೊಲಿಗೆ ಯಂತ್ರಕ್ಕೆ ಬಿಡುವಿರಲಿಲ್ಲ. "ಬೇಟಿ, ಹಬ್ಬಕ್ಕಿಂತ ಎಲೆಕ್ಷನ್ ಬರಕತ್ತು" ಎಂದು ನಗುತ್ತಿದ್ದರು.

ಗೆದ್ದವರು ಎಲ್ಲಿ ಕೂತರು

ಈಗ ಒಂದು ಸಣ್ಣ ಲೆಕ್ಕ ನೋಡೋಣ. ಇದು ನನಗೆ ಬಹಳ ತಡವಾಗಿ ಹೊಳೆದ ಲೆಕ್ಕ.

1950ರ ದಶಕದ ಚುನಾವಣೆಗಳಲ್ಲಿ ಕೆ.ಜಿ.ಎಫ್.ನವರು ಕಮ್ಯುನಿಸ್ಟರನ್ನೂ ಪರಿಶಿಷ್ಟ ಜಾತಿಗಳ ಒಕ್ಕೂಟದವರನ್ನೂ ವಿಧಾನಸಭೆಗೆ ಕಳುಹಿಸಿದರು. 1983ರಲ್ಲಿ ಗೆದ್ದದ್ದು ಅಣ್ಣಾ ಡಿ.ಎಂ.ಕೆ. 1985ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ. 1989ರಲ್ಲಿ ಮತ್ತೆ ಅಣ್ಣಾ ಡಿ.ಎಂ.ಕೆ. 1994ರಲ್ಲಿ ರಿಪಬ್ಲಿಕನ್ ಪಕ್ಷ. 1999ರಲ್ಲಿ ಮತ್ತೆ ಅಣ್ಣಾ ಡಿ.ಎಂ.ಕೆ. 2004ರಲ್ಲಿ ಮತ್ತೆ ರಿಪಬ್ಲಿಕನ್ ಪಕ್ಷ. ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಆಳಿದವರು ಜನತಾ ಪಕ್ಷ, ಕಾಂಗ್ರೆಸ್, ಜನತಾ ದಳ, ಮತ್ತೆ ಕಾಂಗ್ರೆಸ್, ಆಮೇಲೆ ಕಾಂಗ್ರೆಸ್ ಮತ್ತು ಜೆ.ಡಿ.ಎಸ್. ಕೂಟ. ಅಂದರೆ 1983ರಿಂದ 2004ರವರೆಗೆ ನಡೆದ ಆರು ಚುನಾವಣೆಗಳಲ್ಲಿ ಒಂದು ಸಲವೂ ಕೆ.ಜಿ.ಎಫ್.ನ ಶಾಸಕರು ಆಳುವ ಪಕ್ಷದವರಾಗಿರಲಿಲ್ಲ. ಅವರು ಗಟ್ಟಿಯಾಗಿ ಮಾತನಾಡಬಲ್ಲವರೇ ಆಗಿದ್ದರೂ ವಿಧಾನಸೌಧದಲ್ಲಿ ಒಂಟಿಯಾಗಿದ್ದರು. ಆಳುವ ಪಕ್ಷಗಳಿಗೆ ಕೆ.ಜಿ.ಎಫ್. ಎಂದರೆ 'ಅದು ನಮ್ಮ ಊರಲ್ಲ, ತಮಿಳರ ಊರು' ಎಂಬ ಭಾವನೆ ಒಳಗೊಳಗೇ ಇತ್ತು. ಮತ ಬೀಳದ ಊರಿಗೆ ಕಾರ್ಖಾನೆ ಯಾರು ತರುತ್ತಾರೆ?

ಹಾಗೆಂದು ಮತದಾರರನ್ನು ದೂರುವುದು ಸರಿಯೇ? ತಮ್ಮ ಭಾಷೆಯವರಿಗೆ, ತಮ್ಮ ಕಷ್ಟ ತಿಳಿದವರಿಗೆ ಮತ ಹಾಕುವುದು ತಪ್ಪಲ್ಲ. ಆ ಹಕ್ಕಿಗೆ ಇಷ್ಟು ದುಬಾರಿ ಬೆಲೆ ತೆರುವಂತೆ ಮಾಡಿದ್ದು ನಮ್ಮ ವ್ಯವಸ್ಥೆ. ಯಾವ ಊರು ಯಾರಿಗೆ ಮತ ಹಾಕಿತು ಎಂದು ನೋಡಿ ಉದ್ಯೋಗ ಹಂಚುವ ಚಾಳಿ ಕೆ.ಜಿ.ಎಫ್.ಗೆ ಮಾತ್ರ ಗೊತ್ತಿರುವ ಸಂಕಟವಲ್ಲ. ಈ ಸಂಚಿಕೆಯ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿನ್ನ ಕರಗಿದ ಲೆಕ್ಕ

ಬಾವುಟಗಳ ಜಗಳ ಮೇಲೆ ನಡೆಯುತ್ತಿದ್ದಾಗ ಕೆಳಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯುತ್ತಿತ್ತು. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. 1990ರ ದಶಕದ ಹೊತ್ತಿಗೆ ಅದು 3 ಗ್ರಾಮಿನ ಆಸುಪಾಸಿಗೆ ಇಳಿಯಿತು. ಅದಿರು ಬಡವಾಯಿತು, ಆಳ ಹೆಚ್ಚಾಯಿತು, ನೀರು ಎತ್ತುವ ಖರ್ಚು, ಗಾಳಿ ಊದುವ ಖರ್ಚು, ಕಲ್ಲು ಮೇಲಕ್ಕೆ ತರುವ ಖರ್ಚು ಏರುತ್ತ ಹೋಯಿತು. ಇದು ಯಾವ ಪಕ್ಷದ ತಪ್ಪೂ ಅಲ್ಲ. ಜಾನ್ ಟೇಲರ್ ಕಂಪನಿಯವರು ಒಳ್ಳೆಯ ಅದಿರನ್ನೆಲ್ಲ ತೆಗೆದು ಲಾಭವನ್ನು ಲಂಡನ್ನಿಗೆ ಸಾಗಿಸಿದ ಮೇಲೆ 1956ರ ನವೆಂಬರಿನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ನಮ್ಮ ಕೈಗೆ ಬಂದದ್ದು ಬಹುಮಟ್ಟಿಗೆ ಎಲುಬು ಎಂದರೆ ತಪ್ಪಾಗದು.

1962ರಲ್ಲಿ ಗಣಿಗಳು ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯಕ್ಕೆ ಹೋದವು. ಚಿನ್ನವೆಂದರೆ ವಿದೇಶಿ ವಿನಿಮಯ. ದೆಹಲಿಗೆ ಅದು ಬೇಕಾಗಿತ್ತು. ಗಣಿಯ ಚಿನ್ನವನ್ನು ಸರ್ಕಾರ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ ಲೆಕ್ಕ ಹಾಕಿ ತೆಗೆದುಕೊಂಡಿತು. ಆ ದರ ಒಂದು ಔನ್ಸಿಗೆ 35 ಡಾಲರ್. ದೇಶದೊಳಗಿನ ಚಿನಿವಾರ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಹೀಗಾಗಿ ಗಣಿ ದೇಶಕ್ಕೆ ಉಪಕಾರ ಮಾಡುತ್ತಲೇ ಪುಸ್ತಕದಲ್ಲಿ ನಷ್ಟ ತೋರಿಸುತ್ತ ಹೋಯಿತು. ಮನೆಯ ಹಿರಿಮಗನ ಸಂಬಳವನ್ನೆಲ್ಲ ತಂದೆ ತೆಗೆದುಕೊಂಡು, ಆಮೇಲೆ 'ನಿನ್ನ ಕೈಯಲ್ಲಿ ಏನೂ ಉಳಿದಿಲ್ಲವಲ್ಲ' ಎಂದು ಗದರಿದ ಹಾಗೆ! 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾದ ಮೇಲೂ ಹಳೆಯ ನಷ್ಟ ಬೆನ್ನು ಬಿಡಲಿಲ್ಲ.

ಇಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯನ್ನು ನೆನೆಯಬೇಕು. ಹಟ್ಟಿ ಚಿನ್ನದ ಗಣಿ ಕರ್ನಾಟಕ ಸರ್ಕಾರದ ಕಂಪನಿಯಾಗಿಯೇ ಉಳಿಯಿತು, ಇಂದಿಗೂ ನಡೆಯುತ್ತಿದೆ. ಅಲ್ಲಿಯ ಅದಿರು, ಆಳ ಎರಡೂ ಬೇರೆ. ಕೋಲಾರದಷ್ಟು ದಣಿದ ಗಣಿ ಅದಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ: ಹಟ್ಟಿಗೆ ಕಷ್ಟ ಬಂದರೆ ಹೋಗಿ ಕೇಳಲು ಒಂದೇ ಬಾಗಿಲು. ಕೆ.ಜಿ.ಎಫ್.ಗೆ ಗಣಿ ಕೇಂದ್ರದ್ದು, ನೆಲ ರಾಜ್ಯದ್ದು, ಶಾಸಕರು ಎರಡೂ ಕಡೆ ಇಲ್ಲದ ಪಕ್ಷದವರು.

ಹತ್ತು ವರ್ಷದ ಮುನ್ಸೂಚನೆ

ಗಣಿ ರಾತ್ರೋರಾತ್ರಿ ಮುಚ್ಚಲಿಲ್ಲ. ರೋಗಗ್ರಸ್ತ ಉದ್ದಿಮೆಗಳ ಪುನಶ್ಚೇತನಕ್ಕೆಂದು ಇದ್ದ ಬಿ.ಐ.ಎಫ್.ಆರ್. ಮಂಡಳಿಯ ಮುಂದೆ ಅದು ಹೋದದ್ದು 1992ರಲ್ಲಿ. ಆಗ ದೆಹಲಿಯಲ್ಲಿ ಕಾಂಗ್ರೆಸ್ಸಿನ ನರಸಿಂಹ ರಾವ್ ಸರ್ಕಾರ. 1996ರಲ್ಲಿ ಸಂಯುಕ್ತ ರಂಗ ಬಂತು. ಪ್ರಧಾನಿ ನಮ್ಮ ಕರ್ನಾಟಕದ ದೇವೇಗೌಡರು, ಸಂಪುಟದಲ್ಲಿ ಸಿ.ಪಿ.ಐ. ಮಂತ್ರಿಗಳು, ಡಿ.ಎಂ.ಕೆ. ಮಂತ್ರಿಗಳು. ಕೆ.ಜಿ.ಎಫ್.ನ ಗೋಡೆಗಳ ಮೇಲೆ ಬರೆದಿದ್ದ ಚಿಹ್ನೆಗಳಲ್ಲಿ ಎಷ್ಟೋ ಚಿಹ್ನೆಗಳು ಒಂದೇ ಸರ್ಕಾರದಲ್ಲಿ ಕೂತಿದ್ದವು. ಗಣಿಯ ಕಾಯಿಲೆ ಮಾತ್ರ ಹಾಗೇ ಇತ್ತು. 1998ರಲ್ಲಿ ವಾಜಪೇಯಿ ಸರ್ಕಾರ ಬಂದಾಗ ಅಣ್ಣಾ ಡಿ.ಎಂ.ಕೆ. ಅದರ ಪಾಲುದಾರ. 1999ರ ಏಪ್ರಿಲಿನಲ್ಲಿ ಅದು ಬೆಂಬಲ ಹಿಂತೆಗೆದುಕೊಂಡಿತು, ಚುನಾವಣೆಯಾಯಿತು, ಮತ್ತೆ ವಾಜಪೇಯಿ ಸರ್ಕಾರ ಬಂತು. ಈ ಸಲ ಪಾಲುದಾರ ಡಿ.ಎಂ.ಕೆ.

2000ದ ಜೂನ್‌ನಲ್ಲಿ ಕಂಪನಿಯನ್ನು ಮುಚ್ಚಬೇಕೆಂದು ಬಿ.ಐ.ಎಫ್.ಆರ್. ಅಭಿಪ್ರಾಯಪಟ್ಟಿತು. 2001ರ ಫೆಬ್ರವರಿ 28 ಕೊನೆಯ ದಿನ. ಮಾರ್ಚ್ 1ರಿಂದ ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ಈ ನೆಲ ಕೊಟ್ಟ ಚಿನ್ನ ಸುಮಾರು 800 ಟನ್. ಕೊನೆಯಲ್ಲಿ ಉಳಿದಿದ್ದ ಕಾರ್ಮಿಕರು ಮೂರೂವರೆ ಸಾವಿರದಷ್ಟು.

ಆ ದಿನದ ಚಿತ್ರವನ್ನು ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಕೇಂದ್ರ ಸರ್ಕಾರ: ಬಿ.ಜೆ.ಪಿ. ಮತ್ತು ಮಿತ್ರರು. ರಾಜ್ಯ ಸರ್ಕಾರ: ಕಾಂಗ್ರೆಸ್, ಎಸ್.ಎಂ. ಕೃಷ್ಣ. ಲೋಕಸಭಾ ಸದಸ್ಯರು: ಕಾಂಗ್ರೆಸ್. ಶಾಸಕರು: ಅಣ್ಣಾ ಡಿ.ಎಂ.ಕೆ. ಇದನ್ನು ನೋಡಿದರೆ ಒಬ್ಬೊಬ್ಬರಿಗೂ ಇನ್ನೊಬ್ಬರ ಕಡೆ ಬೆರಳು ತೋರಿಸಲು ಎಷ್ಟು ಅನುಕೂಲವಿತ್ತೆಂಬುದು ಅರ್ಥವಾಗುತ್ತದೆ. ಕೇಂದ್ರ ಮುಚ್ಚಿತು ಎಂದು ರಾಜ್ಯದವರು ಹೇಳಬಹುದು, ರಾಜ್ಯ ವಹಿಸಿಕೊಳ್ಳಲಿಲ್ಲ ಎಂದು ಕೇಂದ್ರದವರು ಹೇಳಬಹುದು, ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಶಾಸಕರು ಹೇಳಬಹುದು. ಎಲ್ಲರ ಮಾತಿನಲ್ಲೂ ಅರ್ಧ ಸತ್ಯ ಇರುತ್ತಿತ್ತು.

ನನಗೆ ಮುಖ್ಯವಾಗಿ ಕಾಣುವುದು ಬೇರೆ. 1992ರಿಂದ 2001ರವರೆಗೆ ಒಂಬತ್ತು ವರ್ಷ ಸಮಯವಿತ್ತು. ಗಣಿ ಉಳಿಯುವುದೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಆ ಒಂಬತ್ತು ವರ್ಷ ಹೋಯಿತು. ಉಳಿಸುತ್ತೇವೆ ಎನ್ನದ ಪಕ್ಷವಿರಲಿಲ್ಲ. ಉಳಿಸುವುದಿಲ್ಲ ಎಂದರೆ ಮತ ಬೀಳುತ್ತಿರಲಿಲ್ಲ. ಒಂದು ವೇಳೆ ಉಳಿಯದಿದ್ದರೆ ಈ ಜನ ಏನು ಮಾಡಬೇಕು, ಇವರ ಮಕ್ಕಳಿಗೆ ಯಾವ ಕೆಲಸ ಕಲಿಸಬೇಕು ಎಂಬ ಎರಡನೆಯ ಪ್ರಶ್ನೆಯನ್ನು ಎತ್ತಿದವರನ್ನು ಗಣಿ ಮುಚ್ಚುವವರ ಏಜೆಂಟರು ಎಂದು ಕರೆಯುವ ವಾತಾವರಣ ಅಲ್ಲಿತ್ತು. ಇಂಥ ಜಗಳ ಅಂಗಡಿಯ ಕಟ್ಟೆಯ ಮೇಲೆ ನಡೆದದ್ದನ್ನು ಮಾಮು ಎಷ್ಟೋ ಸಲ ಹೇಳಿದ್ದಾರೆ. ಒಂದೇ ಶಿಫ್ಟಿನಲ್ಲಿ, ಒಂದೇ ಪಂಜರದಲ್ಲಿ ಕೆಳಗಿಳಿಯುತ್ತಿದ್ದ ಇಬ್ಬರು ನೆರೆಯವರು ಸಂಘ ಬೇರೆಯಾದದ್ದಕ್ಕೆ ಮೇಲೆ ಬಂದ ಮೇಲೆ ಮಾತು ಬಿಟ್ಟಿದ್ದರಂತೆ. ಕೆಳಗೆ ಮಾತ್ರ ಮಾತು ಇತ್ತು. ಅಲ್ಲಿ ಮಾತು ಬಿಟ್ಟರೆ ಜೀವ ಹೋಗುತ್ತದೆ.

ಇನ್ನೊಂದು ವಿಚಿತ್ರವೆಂದರೆ ಕಾಲ. ಗಣಿ ಮುಚ್ಚಿದ 2001ರಲ್ಲಿ ಪ್ರಪಂಚದ ಪೇಟೆಯಲ್ಲಿ ಒಂದು ಔನ್ಸ್ ಚಿನ್ನದ ಬೆಲೆ 270 ಡಾಲರಿನ ಆಸುಪಾಸಿನಲ್ಲಿತ್ತು. ಅದು ಇಪ್ಪತ್ತು ವರ್ಷಗಳಲ್ಲೇ ಕೆಳಗಿನ ಮಟ್ಟ. ಹತ್ತು ವರ್ಷದಲ್ಲಿ, 2011ರ ಹೊತ್ತಿಗೆ, ಅದು 1,900 ಡಾಲರ್ ಮುಟ್ಟಿತು. ಬೆಲೆ ಏರಿದ ಮಾತ್ರಕ್ಕೆ ಗಣಿಗೆ ಲಾಭ ಬರುತ್ತಿತ್ತೆಂದು ಹೇಳಲು ನಾನು ತಜ್ಞೆಯಲ್ಲ. ಆದರೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿಕೊಂಡ ಮೇಲೆ ಆ ಪ್ರಶ್ನೆಯನ್ನು ಕೇಳಿ ನೋಡುವ ಅವಕಾಶವೂ ಹೋಯಿತು.

ಸಾಲದ ಪುಸ್ತಕ

ಮೂರೂವರೆ ಸಾವಿರ ಎಂಬ ಸಂಖ್ಯೆ ಕಂಪನಿಯ ಹಾಜರಿ ಪುಸ್ತಕದ್ದು. ಆ ಪುಸ್ತಕದಲ್ಲಿ ದರ್ಜಿಯ ಹೆಸರಿರಲಿಲ್ಲ. ಚಹಾ ಅಂಗಡಿಯವರು, ಸೈಕಲ್ ರಿಪೇರಿಯವರು, ಸೌದೆ ಮಾರುವವರು, ಮನೆಗೆಲಸದ ಹೆಂಗಸರು ಯಾರೂ ಇರಲಿಲ್ಲ. ಅವರಿಗೆ ಯಾವ ಪರಿಹಾರವೂ ಇಲ್ಲ.

ಮಾಮುವಿನ ಅಂಗಡಿಯಲ್ಲಿ ಕೆಂಪು ರಟ್ಟಿನ ಸಾಲದ ಪುಸ್ತಕವಿತ್ತು. ಒಂದು ಪುಟಕ್ಕೆ ಒಂದು ಮನೆ. ಲೈನಿನ ಹೆಸರು, ಮನೆ ನಂಬರು, ಗಿರಾಕಿಯ ಹೆಸರು ಉರ್ದುವಿನಲ್ಲಿ. ಸಂಬಳದ ದಿನ ಗಿರಾಕಿ ಬಂದು ಒಂದಿಷ್ಟು ಕಟ್ಟಿ ಮತ್ತೆ ಅಷ್ಟೇ ಬಟ್ಟೆ ಒಯ್ಯುತ್ತಿದ್ದ. ಪೊಂಗಲ್‌ಗೆ, ಕ್ರಿಸ್‌ಮಸ್‌ಗೆ, ಮದುವೆಗೆ ಪುಟ ತುಂಬುತ್ತಿತ್ತು. ಮುಚ್ಚುವ ಮೊದಲಿನ ತಿಂಗಳುಗಳಲ್ಲಿ ಕಟ್ಟುವುದು ಕಡಿಮೆಯಾಯಿತು. ಮುಚ್ಚಿದ ಮೇಲೆ ಒಬ್ಬೊಬ್ಬರೇ ಬಂದು, "ಭಾಯಿ, ದುಡ್ಡು ಬಂದ ಮೇಲೆ ಕೊಡ್ತೀನಿ" ಎಂದು ಹೇಳಿ ಹೋಗುತ್ತಿದ್ದರು. ವಿಶೇಷ ಸೌಲಭ್ಯದ ಪ್ಯಾಕೇಜು ಎಂದು ಕಾರ್ಮಿಕರಿಗೆ ಒಂದು ಮೊತ್ತ ನಿಗದಿಯಾಗಿತ್ತು. ಅದು ಎಷ್ಟು, ಯಾವಾಗ, ಬಾಕಿ ಏನು ಎಂಬುದರ ಮೇಲೆ ವರ್ಷಗಟ್ಟಲೆ ತಕರಾರು ನಡೆಯಿತು. ಹಣ ಬಂದಾಗ ಬಹಳ ಜನ ಬಂದು ಸಾಲ ತೀರಿಸಿದರು. ಅದನ್ನು ಮಾಮು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಸಾಲ ತೀರಿಸಿದವರು ಹೊಸ ಬಟ್ಟೆ ಒಯ್ಯಲಿಲ್ಲ. 2004ರಲ್ಲಿ ಮಾಮು ಅಂಗಡಿ ಮುಚ್ಚಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಐವತ್ತೊಂದು. ಅವರ ಹಿರಿಮಗಳು, ನನಗಿಂತ ಮೂರು ವರ್ಷ ದೊಡ್ಡವಳು, ಪಿ.ಯು.ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದವಳು, ಆ ವರ್ಷವೇ ಕಾಲೇಜು ಬಿಟ್ಟಳು. ನಾನು ಬಿ.ಎಡ್. ಮಾಡಿದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದ್ದಲ್ಲ; ನನ್ನ ಅಬ್ಬಾಗೆ ಬೇರೆ ಊರಿನಲ್ಲಿ ಸಂಬಳದ ಕೆಲಸವಿತ್ತು, ಅಷ್ಟೆ.

ಮಾರಿಕುಪ್ಪಂನಿಂದ ನಸುಕಿನಲ್ಲಿ ಬೆಂಗಳೂರಿಗೆ ರೈಲು ಹೊರಡುತ್ತದೆ. ಗಣಿ ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಸಾವಿರಾರು ಜನ ಹೀಗೆ ದಿನವೂ ಸುಮಾರು ನೂರು ಕಿಲೋಮೀಟರ್ ಹೋಗಿ ರಾತ್ರಿ ಹಿಂತಿರುಗುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಕಾಲ್ ಸೆಂಟರ್, ಕಟ್ಟಡದ ಕೆಲಸ, ಸಾಫ್ಟ್‌ವೇರ್ ಕೂಡ. ಇಂಗ್ಲಿಷ್ ಚೆನ್ನಾಗಿ ಬರುವುದು ಕೆ.ಜಿ.ಎಫ್. ಹುಡುಗರಿಗೆ ಅನುಕೂಲವಾಯಿತು, ಆಂಗ್ಲೋ ಇಂಡಿಯನ್ನರೂ ಮಿಷನರಿ ಶಾಲೆಗಳೂ ಬಿಟ್ಟುಹೋದ ಆಸ್ತಿ ಅದು. ಊರು ಸಾಯಲಿಲ್ಲ. ಮಲಗುವ ಊರಾಯಿತು.

ತೆರೆಯುತ್ತದೆ, ತೆರೆಯುತ್ತದೆ

ಮುಚ್ಚಿದ ಮರುದಿನದಿಂದಲೇ 'ಮತ್ತೆ ತೆರೆಯುತ್ತೇವೆ' ಎಂಬ ಮಾತು ಶುರುವಾಯಿತು. ಸಂಘಗಳು ನ್ಯಾಯಾಲಯಕ್ಕೆ ಹೋದವು. 2006ರಲ್ಲಿ ಯು.ಪಿ.ಎ. ಸರ್ಕಾರದ ಸಂಪುಟ ಜಾಗತಿಕ ಟೆಂಡರಿನ ತೀರ್ಮಾನ ಮಾಡಿತು. ಮಾಜಿ ಕಾರ್ಮಿಕರ ಸಹಕಾರ ಸಂಘಗಳು ತಾವೇ ಗಣಿ ನಡೆಸುತ್ತೇವೆ ಎಂದವು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2013ರ ಜುಲೈನಲ್ಲಿ ಟೆಂಡರಿಗೆ ಒಪ್ಪಿಗೆ ಸಿಕ್ಕಿತು. ಗಣಿ ತೆರೆಯಲಿಲ್ಲ. ಅಷ್ಟರಲ್ಲಿ ಕೆ.ಜಿ.ಎಫ್. ಕ್ಷೇತ್ರ 2008ರಲ್ಲೂ 2013ರಲ್ಲೂ ಬಿ.ಜೆ.ಪಿ.ಯನ್ನು ಗೆಲ್ಲಿಸಿತ್ತು, 2018ರಲ್ಲೂ 2023ರಲ್ಲೂ ಕಾಂಗ್ರೆಸ್ಸನ್ನು ಗೆಲ್ಲಿಸಿತು. ಹಳೆಯ ಸಣ್ಣ ಪಕ್ಷಗಳ ಕಾಲ ಮುಗಿಯಿತು. ಆಳುವ ಪಕ್ಷಗಳ ಜೊತೆ ಹೋಗಿಯಾದರೂ ನೋಡೋಣ ಎಂದು ಜನ ನಿರ್ಧರಿಸಿದಂತೆ ತೋರುತ್ತದೆ. ಕೆಲವು ರಸ್ತೆಗಳಾದವು, ಕಚೇರಿಗಳು ಬಂದವು. ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾಯಿತು. ಗಣಿಯ ವಿಷಯದಲ್ಲಿ ಮಾತ್ರ ಚುನಾವಣೆಗೊಂದು ಭರವಸೆ.

ಈ ನಡುವೆ ಲೈನ್‌ಗಳ ಮನೆ ಯಾರದ್ದು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಮೂರು ನಾಲ್ಕು ತಲೆಮಾರು ಬಾಳಿದ ಮನೆ, ಆದರೆ ಹಕ್ಕುಪತ್ರವಿಲ್ಲ. ಮಾಳಿಗೆ ಕುಸಿದರೆ ದುರಸ್ತಿ ಮಾಡಿಸಲು ಸಾಲ ಸಿಗದು. ಮಾಜಿ ಕಾರ್ಮಿಕರಿಗೆ ಮನೆಗಳನ್ನು ಮಾರುವ ತೀರ್ಮಾನ ಕಾಗದದಲ್ಲಿ ಬಂದ ಮೇಲೂ ಎಷ್ಟೋ ಮಂದಿ ಪತ್ರಕ್ಕಾಗಿ ಅಲೆದರು, ಅಲೆಯುತ್ತಲೇ ತೀರಿಕೊಂಡರು. ಗಣಿ ತೆರೆಯುವ ಭಾಷಣಗಳಿಗೆ ಸಿಕ್ಕಷ್ಟು ಚಪ್ಪಾಳೆ ಹಕ್ಕುಪತ್ರದ ಮಾತಿಗೆ ಸಿಗುತ್ತಿರಲಿಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸೈನೈಡ್ ಗುಡ್ಡಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಕಲ್ಲು ಅರೆದು ಸೈನೈಡಿನಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ಸುರಿದು ಆದ ಗುಡ್ಡಗಳವು. ಒಟ್ಟು 13 ಗುಡ್ಡ, ಸುಮಾರು 1,003 ಎಕರೆ. ಅದರಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ. ಈಗಿನ ಬೆಲೆಗೆ ಅದನ್ನು ಸೋಸಿದರೂ ಲಾಭವಂತೆ. ಈ ಬಾರಿ ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇದ್ದರೂ ಒಪ್ಪಿಗೆಯಾಯಿತು ಎಂಬುದನ್ನು ಒಳ್ಳೆಯ ಸೂಚನೆ ಎಂದೇ ತಿಳಿಯೋಣ.

ಆ ಸುದ್ದಿ ಬಂದ ಕೆಲವು ವಾರಗಳ ನಂತರ ಎಂಟನೆಯ ತರಗತಿಯ ಮಕ್ಕಳನ್ನು ನಾನು ಕೆ.ಜಿ.ಎಫ್.ಗೆ ಕರೆದುಕೊಂಡು ಹೋದೆ. ಪ್ರಶ್ನೆ ಕೇಳಿದ್ದ ಹುಡುಗನೂ ಇದ್ದ. ಶಾಫ್ಟಿನ ತುಕ್ಕು ಹಿಡಿದ ಕಬ್ಬಿಣದ ಗೋಪುರವನ್ನು ದೂರದಿಂದ ನೋಡಿದೆವು, ಹತ್ತಿರ ಬಿಡುವುದಿಲ್ಲ. ಗುಡ್ಡದ ಬುಡದಲ್ಲಿ ಮನೆಯ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಮಕ್ಕಳನ್ನು ಕರೆದು ಮಾತನಾಡಿಸಿದರು. ಇಪ್ಪತ್ತೆರಡು ವರ್ಷ ಕೆಳಗೆ ಡ್ರಿಲ್ ಹಿಡಿದವರು. ಮಾತಿನ ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡರು. ಗುಡ್ಡದ ಕೆಲಸ ಶುರುವಾದರೆ ಊರಿನವರಿಗೆ ಕೆಲಸ ಸಿಗುತ್ತದಾ ತಾತ ಎಂದು ಹುಡುಗ ಕೇಳಿದ. "ಮಿಷನ್ ಮಾಡುತ್ತಪ್ಪಾ, ನೂರು ಜನಕ್ಕೆ ಸಿಕ್ಕಿದರೆ ಹೆಚ್ಚು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಾಳಿ ಬಂದ್ರೆ ಈ ಧೂಳು ಅಷ್ಟೂ ನಮ್ಮ ಮನೆಗೇ ಬರ್ತದಮ್ಮಾ. ಗುಡ್ಡ ಅಗೆಯೋವಾಗ ಧೂಳಿಗೆ ಏನು ಮಾಡ್ತಾರೆ ಅಂತ ಎಲ್ಲಾದ್ರೂ ಬರೆದಿದ್ದಾರಾ? ನೀವು ಓದಿದೋರು, ನೋಡಿ ಹೇಳಿ" ಎಂದರು. ನೋಡಿ ಹೇಳುತ್ತೇನೆ ಎಂದು ಅವರ ಮೊಮ್ಮಗನ ಫೋನ್ ನಂಬರು ಬರೆದುಕೊಂಡು ಬಂದಿದ್ದೇನೆ.